ಬೆಳಕು ಬಿದ್ದರೆ ಬೆರಳು ಬಿಚ್ಚುವ ಅಣುಗಳು

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಸಾಲ್ಟ್ ಅನಾಲಿಸಿಸ್ ನೆನಪಿರಲೇಬೇಕು. ಟೆಸ್ಟ್ ಟ್ಯೂಬಿನಲ್ಲಿ ಉಪ್ಪಿನ ದ್ರಾವಣ. ಅದಕ್ಕೆ ಕಂದು ಬಾಟಲಿಯಿಂದ ಸಿಲ್ವರ್ ನೈಟ್ರೇಟ್ ಎರಡು ಹನಿ. ತಕ್ಷಣ ಹಾಲು ಒಡೆದ ಹಾಗೆ ಬಿಳಿ ಗರಣೆ. ರೆಕಾರ್ಡ್ ಬುಕ್ಕಿನಲ್ಲಿ 'ಕರ್ಡಿ ವೈಟ್ ಪ್ರೆಸಿಪಿಟೇಟ್, ಕ್ಲೋರೈಡ್ ಕನ್ಫರ್ಮ್ಡ್' ಅಂತ ಬರೆದರೆ ಮುಗಿಯಿತು.

ಆ ಟ್ಯೂಬನ್ನು ತೊಳೆಯದೆ ಕಿಟಕಿ ಪಕ್ಕ ಬಿಟ್ಟು ಹೋದ ಸೋಮಾರಿಗಳು ಇನ್ನೊಂದನ್ನೂ ನೋಡಿರುತ್ತಾರೆ. ಸಂಜೆ ಹೊತ್ತಿಗೆ ಬಿಳಿ ಹೋಗಿ, ನೇರಳೆ ಬೆರೆತ ಬೂದು ಬಣ್ಣ ಬಂದಿರುತ್ತದೆ. ಬೆಳಕು ಬಿದ್ದು ಕ್ಲೋರೈಡಿನಿಂದ ಬೆಳ್ಳಿ ಬೇರೆಯಾಗಿದೆ. ಹಳೇ ಕಾಲದ ಫೋಟೋ ಪೇಪರಿನ ಗುಟ್ಟೂ ಇದೇ. ನಾನೂ ಆ ಸೋಮಾರಿಗಳಲ್ಲಿ ಒಬ್ಬ.

ಬೆಳ್ಳಿ ಕ್ಲೋರೈಡನ್ನು ಹಿಡಿಯಿತು, ಬೆಳಕು ಆ ಹಿಡಿತ ಬಿಡಿಸಿತು. ಆದರೆ ಇದು ಒಂದೇ ದಾರಿಯ ಪಯಣ. ಬೂದು ಬಣ್ಣಕ್ಕೆ ತಿರುಗಿದ ಟ್ಯೂಬನ್ನು ಕತ್ತಲಲ್ಲಿಟ್ಟರೆ ಅದು ಮತ್ತೆ ಬಿಳಿಯಾಗುವುದಿಲ್ಲ. ರಸಾಯನ ವಿಜ್ಞಾನಿಗಳಿಗೆ ಬೇಕಾಗಿರುವುದು ಹಿಡಿಯುವ, ಬೆಳಕು ಬಿದ್ದಾಗ ಬಿಡುವ, ಇನ್ನೊಂದು ಬಣ್ಣದ ಬೆಳಕಿಗೆ ಮತ್ತೆ ಹಿಡಿಯುವ ಅಣು. ಅದೂ ಒಂದು ಸಲ ಅಲ್ಲ, ಸಾವಿರ ಸಲ. ಇಂಥ ಅಣುಗಳನ್ನು ಲ್ಯಾಬಿನಲ್ಲಿ ಮಾಡಿಯೂ ಆಗಿದೆ. ಅವುಗಳ ಬಗ್ಗೆ ಬರುವ ಸುದ್ದಿಯಲ್ಲಿ ನೀರು ಶುದ್ಧಿ, ಕ್ಯಾನ್ಸರ್, ಸೆನ್ಸರ್ ಎಲ್ಲವೂ ಒಟ್ಟಿಗೆ ತೇಲುತ್ತವೆ. ಯಾವುದು ಎಷ್ಟು ನಿಜ ಅಂತ ಬಿಡಿಸಿ ನೋಡೋಣ.

ಮೊದಲು ಹೆಸರಿನ ವಿಚಾರ. ವಿದ್ಯುದಂಶ ಹೊತ್ತ ಪರಮಾಣು ಅಥವಾ ಅಣುವಿಗೆ ಅಯಾನು ಅನ್ನುತ್ತಾರೆ. ಇಲೆಕ್ಟ್ರಾನ್ ಜಾಸ್ತಿ ಇದ್ದರೆ ಅದು ಋಣ ಅಯಾನು. ಪಠ್ಯಪುಸ್ತಕದ ಈ ಪದ ನನಗೆ ಬಹಳ ಇಷ್ಟ. ಉಪ್ಪಿನಲ್ಲಿರುವ ಕ್ಲೋರೈಡ್ ಸೋಡಿಯಂನಿಂದ ಒಂದು ಇಲೆಕ್ಟ್ರಾನ್ ತೆಗೆದುಕೊಂಡು ಕೂತಿದೆ. ಬೇರೆಯವರ ಸ್ವತ್ತು ಇಟ್ಟುಕೊಂಡವನೇ ತಾನೇ ಋಣಿ? ಗೊಬ್ಬರದಲ್ಲಿರುವ ನೈಟ್ರೇಟ್, ಫಾಸ್ಫೇಟ್, ಬೋರ್‌ವೆಲ್ ನೀರಿನ ಫ್ಲೋರೈಡ್, ಎಲ್ಲವೂ ಇದೇ ಜಾತಿ. ನಮ್ಮ ಡಿಎನ್‌ಎಯ ಬೆನ್ನೆಲುಬು ಕೂಡ ಸಾಲಾಗಿ ಪೋಣಿಸಿದ ಫಾಸ್ಫೇಟೇ.

ಧನ ಅಯಾನುಗಳನ್ನು, ಅಂದರೆ ಸೋಡಿಯಂ, ಪೊಟ್ಯಾಸಿಯಂಗಳನ್ನು ಹಿಡಿಯುವ ಕಲೆ ಬೇಗ ಕೈಗೆ ಬಂತು. 1967ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ ಬಳೆಯಂಥ ಅಣುಗಳನ್ನು ಪ್ರಕಟಿಸಿದರು. ಬಳೆಯ ನಡುವೆ ಪೊಟ್ಯಾಸಿಯಂ ಸರಿಯಾಗಿ ಕೂರುತ್ತಿತ್ತು. ಮರುವರ್ಷವೇ ಅದೇ ಕಂಪನಿಯ ಪಾರ್ಕ್ ಮತ್ತು ಸಿಮನ್ಸ್ ಕ್ಲೋರೈಡನ್ನು ಒಳಗೆ ಕೂರಿಸಿಕೊಳ್ಳುವ ಪಂಜರದಂಥ ಅಣುವನ್ನೂ ತೋರಿಸಿದರು. ಪೆಡರ್ಸನ್ನರ ದಾರಿ ಹೆದ್ದಾರಿಯಾಯಿತು, 1987ರಲ್ಲಿ ಅವರು, ಡೊನಾಲ್ಡ್ ಕ್ರಾಮ್ ಮತ್ತು ಜಾನ್-ಮರಿ ಲೆನ್ ನೊಬೆಲ್ ಹಂಚಿಕೊಂಡರು. ಋಣ ಅಯಾನಿನ ದಾರಿ ಮಾತ್ರ ಬಹಳ ಕಾಲ ಕಾಲುದಾರಿಯಾಗಿಯೇ ಉಳಿಯಿತು.

ಯಾಕೆ? ಮೊದಲನೆಯದು ಆಕಾರ. ಸೋಡಿಯಂ, ಪೊಟ್ಯಾಸಿಯಂ ಗೋಲಿಯ ಹಾಗೆ ದುಂಡಗಿವೆ. ಇತ್ತ ನೈಟ್ರೇಟ್ ಚಪ್ಪಟೆ ತ್ರಿಕೋನ, ಸಲ್ಫೇಟ್ ನಾಲ್ಕು ಮೂಲೆಯದ್ದು. ಫಾಸ್ಫೇಟ್ ಅಂತೂ ನೀರಿನ ಹುಳಿ ಹೆಚ್ಚು ಕಡಿಮೆಯಾದರೆ ತನ್ನ ವಿದ್ಯುದಂಶವನ್ನೇ ಬದಲಿಸಿಬಿಡುತ್ತದೆ. ಎರಡನೆಯದು, ಮುಖ್ಯವಾದದ್ದು, ನೀರು. ಋಣ ಅಯಾನುಗಳ ಸುತ್ತ ನೀರಿನ ಅಣುಗಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡಿರುತ್ತವೆ. ಕ್ಲೋರೈಡನ್ನು ನೀರಿನಿಂದ ಪೂರ್ತಿ ಬಿಡಿಸಲು ಒಂದು ಮೋಲಿಗೆ, ಅಂದರೆ ರಸಾಯನ ವಿಜ್ಞಾನಿಗಳು ಅಣು ಎಣಿಸುವ ಡಜನ್ನಿಗೆ, ಸುಮಾರು 340 ಕಿಲೋಜೂಲ್ ಶಕ್ತಿ ಬೇಕು. ಫ್ಲೋರೈಡಿಗೆ ಸುಮಾರು 465. ನಾವು ಮಾಡಿದ ಅಣು ಅಯಾನನ್ನು ಹಿಡಿಯಬೇಕಾದರೆ ಮೊದಲು ಈ ಇರುವೆಗಳ ಜೊತೆ ಜಗಳ ಗೆಲ್ಲಬೇಕು.

ಗೆಲ್ಲಲಾಗದ ಜಗಳವೇನೂ ಅಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಲ್ಲಿ ಸಲ್ಫೇಟ್ ಹಿಡಿಯುವ ಒಂದು ಪ್ರೋಟೀನ್ ಇದೆ. ಅದರ ರಚನೆ 1985ರಲ್ಲಿ ಬಯಲಾಯಿತು. ಒಳಗೆ ಏಳು ಹೈಡ್ರೋಜನ್ ಬಂಧಗಳು ಏಳು ಬೆರಳುಗಳಂತೆ ಸಲ್ಫೇಟನ್ನು ಹಿಡಿದಿವೆ. ಒಂದು ಹನಿ ನೀರೂ ಒಳಗಿಲ್ಲ. ಮನುಷ್ಯರು ಮಾಡುವ ಅಣುಗಳೂ ಇದೇ ಉಪಾಯದವು. ಹಲವುಗಳಲ್ಲಿ ಬೆರಳಿನ ಕೆಲಸ ಮಾಡುವುದು ಯೂರಿಯಾ ತುಣುಕು. ಹೌದು, ಹೊಲಕ್ಕೆ ಹಾಕುವ ಅದೇ ಯೂರಿಯಾದ ಮೂಳೆ. ಅದರ ಎರಡು ಹೈಡ್ರೋಜನ್‌ಗಳು ಒಂದೇ ಕಡೆಗೆ ಮುಖ ಮಾಡಿರುತ್ತವೆ. ಇಂಥ ಎರಡು ಯೂರಿಯಾಗಳನ್ನು ಎದುರುಬದುರು ಇಟ್ಟರೆ ಒಂದು ಒಳ್ಳೆ ಇಕ್ಕಳ ಸಿದ್ಧ.

ಅಲ್ಲಿಗೆ ಹಿಡಿಯುವ ಸಮಸ್ಯೆ ಅರ್ಧ ಮುಗಿಯಿತು. ನನ್ನ ಪ್ರಕಾರ ಇಡೀ ಕತೆಯ ಗಂಟು ಇರುವುದು ಬಿಡುವುದರಲ್ಲಿ.

ಫ್ಲೋರೈಡಿನ ಉದಾಹರಣೆಯನ್ನೇ ನೋಡಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಿಗೆ ಮುಂಚೆ ಬಾಗಿದ ಬೆನ್ನು. ಭಾರತದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಹಿಡಿಯಲು ಅಲ್ಯೂಮಿನಾ ಪುಡಿ ಸಾಕು. ಆದರೆ ಕೆಲವು ತಿಂಗಳಲ್ಲಿ ಪುಡಿ ತುಂಬಿಹೋಗುತ್ತದೆ. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ತೊಳೆಯಬೇಕು, ಮತ್ತೆ ಆಸಿಡ್ ಹಾಕಿ ಸರಿಪಡಿಸಬೇಕು. ಆ ತೊಳೆದ ನೀರನ್ನು ಎಲ್ಲಿ ಚೆಲ್ಲುವುದು? ಹೋಗಲಿ, ಆರ್‌ಓ ಘಟಕ ಇದೆಯಲ್ಲ, ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ ಅನ್ನಬಹುದು. ಅದರ ಹಿಂಬದಿಗೆ ಹೋಗಿ ನೋಡಿ. ಒಂದು ಪೈಪು ಚರಂಡಿಗೆ ಸುರಿಯುತ್ತಿರುತ್ತದೆ. ನಮ್ಮ ಕ್ಯಾನಿನಿಂದ ತೆಗೆದ ಫ್ಲೋರೈಡೆಲ್ಲ ಆ ರಿಜೆಕ್ಟ್ ನೀರಿನಲ್ಲಿದೆ.

ಬೆಳಕಿನ ಆಸೆ ಹುಟ್ಟುವುದು ಇಲ್ಲೇ. ಬೆಳಕು ಕೂಡ ಒಂದು ರಾಸಾಯನಿಕದ ಹಾಗೆ ಕೆಲಸ ಮಾಡುತ್ತದೆ, ಆದರೆ ಗಸಿ ಬಿಡುವುದಿಲ್ಲ. ಸ್ವಿಚ್ ಆರಿಸಿದರೆ ಮುಗಿಯಿತು, ತೊಳೆಯುವುದೇನೂ ಇಲ್ಲ.

ಈ ಆಟದ ಮುಖ್ಯ ಪಾತ್ರಧಾರಿ ಅಜೋಬೆಂಜೀನ್. ಎರಡು ಬೆಂಜೀನ್ ಉಂಗುರ, ನಡುವೆ ಎರಡು ನೈಟ್ರೋಜನ್. ಜರ್ಮನಿಯ ಮಿಟ್ಶರ್ಲಿಶ್ ಇದನ್ನು 1834ರಷ್ಟು ಹಿಂದೆಯೇ ಮಾಡಿದ್ದರು. ಇದರ ಕುಟುಂಬದವರು ನಮಗೆಲ್ಲ ಪರಿಚಯದವರೇ. ಟೈಟ್ರೇಷನ್ನಿಗೆ ಹಾಕುವ ಮಿಥೈಲ್ ಆರೆಂಜ್, ಮಿಠಾಯಿ ಅಂಗಡಿಯ ಸನ್‌ಸೆಟ್ ಯೆಲ್ಲೋ, ಬಟ್ಟೆಯ ಎಷ್ಟೋ ಬಣ್ಣಗಳು. ನೂರು ವರ್ಷ ಎಲ್ಲರೂ ಇದನ್ನು ಸುಮ್ನೆ ಬಣ್ಣ ಅಂತಲೇ ನೋಡಿದರು. 1937ರಲ್ಲಿ ಹಾರ್ಟ್ಲಿ ಎಂಬ ಇಂಗ್ಲಿಷ್ ವಿಜ್ಞಾನಿ, ಬೆಳಕು ಬಿದ್ದರೆ ಇದರ ಆಕಾರವೇ ಬದಲಾಗುತ್ತದೆ ಅಂತ ಕಂಡುಕೊಂಡರು. ಮಾಮೂಲಾಗಿ ನೀಟಾಗಿ ಚಾಚಿಕೊಂಡಿರುವ ಅಣು ನೇರಳಾತೀತ ಬೆಳಕು ಬಿದ್ದೊಡನೆ ಮೊಣಕಾಲಿನ ಹಾಗೆ ಮಡಚಿಕೊಳ್ಳುತ್ತದೆ. ಎರಡು ತುದಿಗಳ ನಡುವಿನ ಅಂತರ ಸುಮಾರು 9 ಆಂಗ್‌ಸ್ಟ್ರಾಮಿನಿಂದ (ಒಂದು ಮಿಲಿಮೀಟರಿನಲ್ಲಿ ಒಂದು ಕೋಟಿ ಆಂಗ್‌ಸ್ಟ್ರಾಂ) ಐದೂವರೆಗೆ ಇಳಿಯುತ್ತದೆ. ನೀಲಿ ಬೆಳಕು ಕೊಟ್ಟರೆ ಅಥವಾ ಬೆಚ್ಚಗೆ ಬಿಟ್ಟರೆ ಮತ್ತೆ ಚಾಚಿಕೊಳ್ಳುತ್ತದೆ.

ಈಗ ಇಕ್ಕಳದ ಎರಡು ಕೈಗಳ ನಡುವೆ ಈ ಮೊಣಕಾಲನ್ನು ಜೋಡಿಸಿ. ಒಂದು ಬೆಳಕಿಗೆ ಕೈಗಳು ಹತ್ತಿರ ಬರುತ್ತವೆ, ಇನ್ನೊಂದಕ್ಕೆ ದೂರ ಹೋಗುತ್ತವೆ. ನೆದರ್‌ಲೆಂಡ್ಸ್‌ನಲ್ಲಿ ಸ್ಯಾಂಡರ್ ವೆಜೆನ್‌ಬರ್ಗ್ ಮತ್ತು ಬೆನ್ ಫೆರಿಂಗಾ ಇದೇ ತತ್ವವನ್ನು ಸ್ಟಿಫ್-ಸ್ಟಿಲ್ಬೀನ್ ಎಂಬ ಇನ್ನೊಂದು ಕೀಲಿನ ಮೇಲೆ ಮಾಡಿ ತೋರಿಸಿದರು. ಅಣುಯಂತ್ರಗಳಿಗಾಗಿ 2016ರ ನೊಬೆಲ್ ಹಂಚಿಕೊಂಡ ಫೆರಿಂಗಾ ಇವರೇ. ಅವರ ಅಣುವಿನ ಎರಡು ಯೂರಿಯಾಗಳು ಒಂದೇ ಮಗ್ಗುಲಿಗೆ ಬಂದಾಗ ಫಾಸ್ಫೇಟ್ ಗಟ್ಟಿ ಹಿಡಿತಕ್ಕೆ ಸಿಗುತ್ತದೆ, ವಿರುದ್ಧ ಮಗ್ಗುಲಿಗೆ ಹೋದಾಗ ಹಿಡಿತ ಸಡಿಲ.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಚೆಂದ ಕಾಣುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅಮರ್ ಫ್ಲಡ್ ಅವರ ತಂಡ 2010ರಲ್ಲಿ ಮಾಡಿದ್ದು. ಅವರ ಅಣು ಇಕ್ಕಳವಲ್ಲ, ಚಕ್ಕುಲಿಯ ಹಾಗೆ ಸುತ್ತಿಕೊಳ್ಳುವ ಎಳೆ. ಸುತ್ತಿನ ನಡುವಿನ ತೂತಿನಲ್ಲಿ ಕ್ಲೋರೈಡ್ ಕೂರುತ್ತದೆ. ಎಳೆಯ ಎರಡೂ ತುದಿಗೆ ಅಜೋಬೆಂಜೀನ್. ನೇರಳಾತೀತ ಬೆಳಕು ಬಿದ್ದಾಗ ತುದಿಗಳು ಮಡಚಿ ಸುತ್ತು ಸಡಿಲವಾಗುತ್ತದೆ, ಕ್ಲೋರೈಡ್ ಹೊರಗೆ ಬೀಳುತ್ತದೆ. ಬಿಟ್ಟ ಅಯಾನು ದ್ರಾವಣದಲ್ಲಿ ಓಡಾಡುವುದರಿಂದ ವಿದ್ಯುತ್ ಹರಿಯುವುದು ಜಾಸ್ತಿಯಾಗುತ್ತದೆ. ಅಂದರೆ ಕ್ಲೋರೈಡ್ ಬಿಟ್ಟದ್ದನ್ನು ಮೀಟರಿನ ಮುಳ್ಳಿನಲ್ಲೇ ಓದಬಹುದು. ಅಣು ಕೈ ಬಿಚ್ಚಿದ್ದು ಮೇಜಿನ ಮೇಲೆ ಕಾಣುತ್ತದೆ, ಇದಕ್ಕಿಂತ ಇನ್ನೇನು ಬೇಕು?

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಪ್ರಯೋಗದಲ್ಲಿ ಹಿಡಿತ ಕಡಿಮೆಯಾದದ್ದು ಎಂಟರಿಂದ ಹತ್ತು ಪಟ್ಟಿನಷ್ಟು. ಸೊನ್ನೆಗೆ ಇಳಿಯಲಿಲ್ಲ. ಬೆಳಕು ಕೊಟ್ಟಾಗ ಎಲ್ಲಾ ಅಣುಗಳೂ ಮಡಚುವುದಿಲ್ಲ. ಮಡಚಿದ ಕೆಲವು ಅದೇ ಬೆಳಕಿಗೆ ವಾಪಸ್ ಚಾಚಿಕೊಳ್ಳುತ್ತವೆ, ಕೊನೆಗೆ ಎರಡೂ ರೂಪಗಳ ಬೆರಕೆಯಲ್ಲೇ ನಿಲ್ಲುತ್ತದೆ. ಬಾಗಿಲು ಸಂದಿಬಿಟ್ಟು ಮುಚ್ಚಿದ ಹಾಗೆ. 2012ರಲ್ಲಿ ಬರ್ಲಿನ್ನಿನ ಸ್ಟೆಫಾನ್ ಹೆಕ್ಟ್ ತಂಡ ಅಜೋಬೆಂಜೀನಿಗೆ ಫ್ಲೋರಿನ್ ಪರಮಾಣುಗಳನ್ನು ಅಂಟಿಸಿ ಈ ಬೆರಕೆಯನ್ನು ಬಹಳಷ್ಟು ಕಡಿಮೆ ಮಾಡಿತು. ಅದು ಹಸಿರು ಬೆಳಕಿಗೇ ಮಡಚುತ್ತದೆ, ಕತ್ತಲಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ಇನ್ನೂ ದೊಡ್ಡದು. ಹಿಡಿದು ಬಿಡುವ ಅಣುವನ್ನು 'ಬೆಳಕಿನಿಂದ ಓಡುವ ಪಂಪ್' ಅಂತ ಬರೆಯುವುದು. ಕೆರೆಯ ತೂಬಿಗೂ ಏತಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತು. ತೂಬು ತೆಗೆದರೆ ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ. ಏತ ಕೆಳಗಿನ ನೀರನ್ನು ಮೇಲಕ್ಕೆ ಎತ್ತುತ್ತದೆ. ನಾವು ಮಾಡಿರುವ ಬೆಳಕಿನ ಅಣುಗಳಲ್ಲಿ ಹೆಚ್ಚಿನವು ತೂಬುಗಳು. ಕ್ಲೋರೈಡ್ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುವುದನ್ನು ಬಿಡುತ್ತವೆ ಅಥವಾ ತಡೆಯುತ್ತವೆ, ಅಷ್ಟೇ.

ಏತ ಬೇಕಾದರೆ ಉಪ್ಪಿನ ಗದ್ದೆಗೆ ಹೋಗಬೇಕು. ಕಡು ಉಪ್ಪುನೀರಿನಲ್ಲಿ ಬದುಕುವ ಹ್ಯಾಲೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿ ಇದೆ. ಬಿಸಿಲಿಗೆ ನೀರು ಇಂಗಿ ಉಪ್ಪಿನ ಕಟ್ಟೆಗಳು ನಸುಗೆಂಪಾಗುವುದು ಇಂಥವುಗಳಿಂದಲೇ. ಅದರ ಹೊರಪೊರೆಯಲ್ಲಿ ಹ್ಯಾಲೋರೊಡಾಪ್ಸಿನ್ ಎಂಬ ಪ್ರೋಟೀನ್ ಕೂತಿದೆ. ಬೆಳಕಿನ ಒಂದು ಕಣ ನುಂಗಿ, ಒಂದು ಕ್ಲೋರೈಡನ್ನು ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರ ಹೊಟ್ಟೆಯಲ್ಲಿರುವ ಕೀಲು ರೆಟಿನಲ್, ಅಂದರೆ ವಿಟಮಿನ್ ಎ ಬಳಗದ ಅಣು. ನಿಮ್ಮ ಕಣ್ಣಿನಲ್ಲಿ ಈ ಸಾಲನ್ನು ಓದಿಸುತ್ತಿರುವುದೂ ಅದೇ ಕೀಲು. ಮಡಚುವ ಕೀಲು ನಮ್ಮ ಹತ್ತಿರವೂ ಇದೆ. ಒಂದು ಕಡೆಯಿಂದ ಮಾತ್ರ ಹಿಡಿದು ಇನ್ನೊಂದು ಕಡೆಗೆ ಮಾತ್ರ ಬಿಡುವಂತೆ ಅದರ ಸುತ್ತ ಕಟ್ಟಿದ ಮನೆ ಇಲ್ಲ.

ಇಷ್ಟು ಹೊತ್ತು ಹಿಡಿಯುವುದು, ಬಿಡುವುದು. ಪತ್ತೆ ಹಚ್ಚುವುದು ಬೇರೆಯದೇ ವ್ಯವಹಾರ. ಅಲ್ಲಿ ಬೆಳಕು ಸ್ವಿಚ್ ಅಲ್ಲ, ಸುದ್ದಿಗಾರ. ಅಯಾನು ಬಂದು ಕೂತಾಗ ಅಣುವಿನ ಬಣ್ಣ ಅಥವಾ ಹೊಳಪು ಬದಲಾಗಬೇಕು. ಶ್ರೀಲಂಕಾದಲ್ಲಿ ಹುಟ್ಟಿ ಬೆಲ್‌ಫಾಸ್ಟಿನಲ್ಲಿ ನೆಲೆಸಿದ ಪ್ರಸನ್ನ ಡಿ ಸಿಲ್ವ ಈ ಬಗೆಯ ಹೊಳೆಯುವ ಅಣುಗಳ ತಂತ್ರವನ್ನು ಗಟ್ಟಿ ಮಾಡಿದವರು. ಅವರ ತತ್ವದ ಮೇಲೆ ಕೆಲಸ ಮಾಡುವ ರಕ್ತಪರೀಕ್ಷೆಯ ಯಂತ್ರಗಳು ಆಸ್ಪತ್ರೆಗಳಿಗೂ ಬಂದವು. ಆದರೆ ಅವು ಹೊಳಪಿನಿಂದ ಅಳೆಯುವುದು ಮುಖ್ಯವಾಗಿ ಸೋಡಿಯಂ, ಪೊಟ್ಯಾಸಿಯಂನಂಥ ಧನ ಅಯಾನುಗಳನ್ನು.

ಋಣ ಅಯಾನುಗಳಲ್ಲಿ ಒಂದು ಕಿರಿಕಿರಿ ಇದೆ. ಎಷ್ಟೋ ಅಣುಗಳು ಅಯಾನು ಸಿಕ್ಕಾಗ ಹೊಳೆಯುವ ಬದಲು ಮಂಕಾಗುತ್ತವೆ. ದೀಪ ಹತ್ತಿದರೆ ಯಾರೋ ಬಂದರು ಅನ್ನಬಹುದು. ಆರಿದರೆ? ಬಲ್ಬ್ ಹೋಗಿರಬಹುದು, ಕರೆಂಟ್ ಹೋಗಿರಬಹುದು, ಗಾಜಿಗೆ ಧೂಳು ಕೂತಿರಬಹುದು.

ಫ್ಲೋರೈಡ್ ಸೆನ್ಸರ್‌ಗಳ ವಿಷಯದಲ್ಲಿ ನನಗೆ ಒಂದು ಹಳೆಯ ಅನುಮಾನ. ಸಂಶೋಧನಾ ಪ್ರಬಂಧಗಳಲ್ಲಿ ಸಾಲಾಗಿ ನಿಲ್ಲಿಸಿದ ಪುಟ್ಟ ಬಾಟಲಿಗಳ ಫೋಟೋ ಇರುತ್ತದೆ. ಎಲ್ಲವೂ ತಿಳಿ ಹಳದಿ, ಫ್ಲೋರೈಡ್ ಹಾಕಿದ್ದು ಮಾತ್ರ ಕಡುಗೆಂಪು. ಕಣ್ಣಿಗೆ ಹಬ್ಬ. ಕೆಳಗಿನ ಸಣ್ಣ ಅಕ್ಷರ ಓದಿದರೆ ದ್ರಾವಕ ಅಸಿಟೋನೈಟ್ರೈಲ್ ಅಥವಾ ಡಿಎಂಎಸ್‌ಓ. ನೀರಿಲ್ಲ. ಇಂಥ ಹೆಚ್ಚಿನ ಬಾಟಲಿಗಳಿಗೆ ಸ್ವಲ್ಪ ನೀರು ಬಿಟ್ಟರೆ ಕೆಂಪು ಮಾಯ. ಎಷ್ಟೋ ಕಡೆ ಅಲ್ಲಿ ನಡೆದದ್ದು ಹಿಡಿತವೂ ಅಲ್ಲ. ನೀರಿನ ಕಾಟವಿಲ್ಲದ ಫ್ಲೋರೈಡ್ ಬಹಳ ಖಾರ, ಅಣುವಿನಿಂದ ಒಂದು ಪ್ರೋಟಾನನ್ನೇ ಕಿತ್ತುಕೊಂಡಿರುತ್ತದೆ.

ಪಾವಗಡದ ಬೋರ್‌ವೆಲ್ ಡಿಎಂಎಸ್‌ಓ ಕೊಡುವುದಿಲ್ಲವಲ್ಲ. ಒಂದು ಸಣ್ಣ ಲೆಕ್ಕ ಹಾಕಿ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಅಂದರೆ ಒಂದೊಂದು ಫ್ಲೋರೈಡಿಗೆ ಸುಮಾರು 7 ಲಕ್ಷ ನೀರಿನ ಅಣುಗಳು. ಅದೇ ನೀರಿನಲ್ಲಿ ಕ್ಲೋರೈಡ್ ಮಾನದಂಡದ 250 ಮಿಲಿಗ್ರಾಂನಷ್ಟೇ ಇದೆ ಅಂದುಕೊಂಡರೂ ಒಂದು ಫ್ಲೋರೈಡಿಗೆ ಸುಮಾರು 90 ಕ್ಲೋರೈಡ್. ಜೊತೆಗೆ ಬೈಕಾರ್ಬನೇಟ್, ಸಲ್ಫೇಟ್, ನೈಟ್ರೇಟ್. ಜಾತ್ರೆಯಲ್ಲಿ ಒಬ್ಬನನ್ನು ಹುಡುಕಬೇಕು, ಅದೂ ಕಣ್ಣು ಕಟ್ಟಿಕೊಂಡು.

ಮತ್ತೆ, ಎದುರಾಳಿಗಳು ಗಟ್ಟಿಗರು. ಹಳ್ಳಿಗಳಿಗೆ ಬರುವ ಫೀಲ್ಡ್ ಕಿಟ್‌ಗಳಲ್ಲಿ ಜಿರ್ಕೋನಿಯಂ ಸೇರಿಸಿದ ಬಣ್ಣದ ದ್ರಾವಣ ಇರುತ್ತದೆ. ಫ್ಲೋರೈಡ್ ಜಿರ್ಕೋನಿಯಂ ಅನ್ನು ಎಳೆದುಕೊಂಡು ಬಣ್ಣ ಬದಲಿಸುತ್ತದೆ, ಚಾರ್ಟಿಗೆ ಹೋಲಿಸಿ ನೋಡಿದರಾಯಿತು. ಲ್ಯಾಬಿನಲ್ಲಿ 1966ರಿಂದ ಇರುವ ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ನೇರ ನೀರಿನಲ್ಲೇ ಅಳೆಯುತ್ತದೆ. ಹೊಸ ಅಣು ಇವೆರಡನ್ನೂ ಮೀರಬೇಕು. ಮೀರಬಹುದಾದ ಒಂದು ಜಾಗ ನನಗೆ ಕಾಣುತ್ತದೆ. ಸ್ವಿಚ್ ಇರುವ ಸೆನ್ಸರನ್ನು ಹಿಡಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಓದಬಹುದು. ಎರಡರ ವ್ಯತ್ಯಾಸವಷ್ಟೇ ಅಯಾನಿನದ್ದು. ಧೂಳು, ಕೆಸರು, ಮಂಕಾದ ಬಲ್ಬ್ ಎರಡೂ ಸಲ ಒಂದೇ ಆದ್ದರಿಂದ ಕಳೆದುಹೋಗುತ್ತವೆ. ಕಿಟ್ ಒಂದು ಸಲಕ್ಕೆ ಮುಗಿಯುವುದೂ ಇಲ್ಲ.

ಹಾಗಾದರೆ ಈ ಅಣುಗಳಿಗೆ ಹತ್ತಿರದ ಕೆಲಸ ಎಲ್ಲಿದೆ? ನೀರಿನ ಟ್ಯಾಂಕಿಗಿಂತ ಜೀವಕೋಶದ ಪೊರೆಯಲ್ಲಿ ಅನ್ನುವುದು ನನ್ನ ಅಂದಾಜು. ಕಾರಣ ಸರಳ. ಪೊರೆಯ ಒಳಭಾಗ ಎಣ್ಣೆಯಂಥದ್ದು, ಅಲ್ಲಿ ನೀರಿನ ಕಾಟ ಕಡಿಮೆ. ಕ್ಲೋರೈಡ್ ಹೋಗಿ ಬರುವುದು ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯೇ ಸಾಕ್ಷಿ. 1989ರಲ್ಲಿ ಪತ್ತೆಯಾದ ಒಂದು ಜೀನ್ ಕೆಟ್ಟು, ಕ್ಲೋರೈಡಿನ ಬಾಗಿಲು ಕೆಲಸ ಮಾಡದೆ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುತ್ತದೆ. ಈ ಮಕ್ಕಳ ಬೆವರು ವಿಪರೀತ ಉಪ್ಪು. ಬೆವರಿನ ಕ್ಲೋರೈಡ್ ಅಳೆದೇ ಇಂದಿಗೂ ಈ ಕಾಯಿಲೆಯನ್ನು ಗುರುತಿಸುತ್ತಾರೆ.

ಇನ್ನೊಂದು ಕಡೆ, 2014ರಲ್ಲಿ ಅಮೆರಿಕ, ಕೊರಿಯಾ, ಬ್ರಿಟನ್ ವಿಜ್ಞಾನಿಗಳು ಸೇರಿ, ಕೃತಕ ಅಣುಗಳು ಜೀವಕೋಶದೊಳಕ್ಕೆ ಕ್ಲೋರೈಡ್ ಸಾಗಿಸಿದರೆ ಕೋಶ ತಾನಾಗಿ ಸಾಯುತ್ತದೆ ಅಂತ ತೋರಿಸಿದರು. ಕ್ಯಾನ್ಸರ್ ಕೋಶಕ್ಕೆ ಇದು ಮದ್ದಾಗಬಹುದು. ತೊಂದರೆ ಏನೆಂದರೆ ಒಳ್ಳೆಯ ಕೋಶಕ್ಕೂ ಇದೇ ಗತಿ. ಬೆಳಕು ಬೇಕಾಗುವುದು ಆಗ. ಪುಣೆಯ ಐಸರ್ ಸಂಸ್ಥೆಯಲ್ಲಿ ಪಿನಾಕಿ ತಾಲೂಕ್‌ದಾರ್ ಅವರ ತಂಡ 2019ರಲ್ಲಿ ಕ್ಲೋರೈಡ್ ಸಾಗಿಸುವ ಅಣುವಿನ ಬಾಯಿಗೆ ಒಂದು ಬಿರಡೆ ಹಾಕಿತು. ಬೆಳಕು ಬಿದ್ದರೆ ಬಿರಡೆ ಕಳಚುತ್ತದೆ, ಆಮೇಲೆ ಅಣು ಕೆಲಸ ಶುರು ಮಾಡುತ್ತದೆ. ಇದು ಒಂದೇ ಸಲ ತೆಗೆಯುವ ಬಿರಡೆ, ಮತ್ತೆ ಮುಚ್ಚುವಂಥದ್ದಲ್ಲ. ಮುಚ್ಚಿ ತೆರೆಯುವ ಬಗೆಯವನ್ನು ಆಕ್ಸ್‌ಫರ್ಡಿನ ಮ್ಯಾಥ್ಯೂ ಲ್ಯಾಂಗ್ಟನ್ ತಂಡ ಅಜೋಬೆಂಜೀನಿನಿಂದ ಮಾಡಿದೆ. ಅವರ ಅಣುಗಳು ಪೊರೆಯ ಎರಡೂ ಬದಿಯಲ್ಲಿ ಕೂತು, ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವ ಗಾರೆ ಕೆಲಸದವರ ಹಾಗೆ, ಅಯಾನನ್ನು ದಾಟಿಸುತ್ತವೆ. ಬೆಳಕು ಬದಲಾದರೆ ಕೈ ಮೊಟಕಾಗಿ ಇಟ್ಟಿಗೆ ನಿಲ್ಲುತ್ತದೆ.

ರಾತ್ರಿ ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿದು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನಿಂದ ಎಲ್ಲಾ ಬಣ್ಣವೂ ಹೊರಟಿದೆ, ಆದರೆ ನೀಲಿ, ಹಸಿರು ರಕ್ತ ಮಾಂಸದಲ್ಲೇ ಇಂಗಿಹೋಗಿ ಕೆಂಪು ಮಾತ್ರ ಆಚೆ ಬಂದಿದೆ. ನೇರಳಾತೀತ ಬೆಳಕು ಚರ್ಮವನ್ನೂ ಸರಿಯಾಗಿ ದಾಟುವುದಿಲ್ಲ, ಮೇಲಿಂದ ಕೋಶಗಳಿಗೆ ಪೆಟ್ಟು ಕೊಡುತ್ತದೆ. ಹಾಗಾಗಿ ಕೆಂಪು ಬೆಳಕಿಗೆ ಮಡಚುವ ಕೀಲು ಈ ಕೆಲಸಕ್ಕೆ ಪೂರ್ತಿ ಪಳಗುವವರೆಗೆ ಇದೆಲ್ಲ ಗಾಜಿನ ತಟ್ಟೆಯ ಕೋಶಗಳ ಮೇಲಿನ ಆಟವೇ. ಈ ಕ್ಷೇತ್ರದವರು ಕೀಲಿನ ಬಣ್ಣವನ್ನು ಕೆಂಪಿನ ಕಡೆಗೆ ತಳ್ಳಲು ಅಷ್ಟೊಂದು ಒದ್ದಾಡುತ್ತಿರುವುದು ಅದಕ್ಕೇ.

ಮುಂದೆ ಇಂಥ ಸುದ್ದಿ ಓದುವಾಗ ನಾನು ಮೊದಲು ನೋಡುವುದು ದ್ರಾವಕ ಯಾವುದು ಅಂತ. ನೀರಾದರೆ ಮುಂದೆ ಓದುತ್ತೇನೆ. ಆಮೇಲೆ ಹಿಡಿತ ಎಷ್ಟು ಪಟ್ಟು ಬದಲಾಯಿತು, ಎಷ್ಟು ಸಲ ತಿರುಗಿಸಿ ನೋಡಿದ್ದಾರೆ, ಯಾವ ಬಣ್ಣದ ಬೆಳಕು. ಇಷ್ಟಕ್ಕೆ ಉತ್ತರ ಸಿಕ್ಕಿದರೆ ತಲೆಬರಹದ ಗಾಳಿ ತಾನಾಗಿ ಇಳಿಯುತ್ತದೆ.

ನೀರಿನ ಜಗಳದಲ್ಲಿ ಒಂದು ದೊಡ್ಡ ಗೆಲುವು ಅಮರ್ ಫ್ಲಡ್ ಅವರ ತಂಡದಿಂದಲೇ ಬಂತು, 2019ರಲ್ಲಿ. ಯೂರಿಯಾದಂಥ ಬಲವಾದ ಬೆರಳೇ ಇಲ್ಲ, ಕಾರ್ಬನ್ನಿಗೆ ಅಂಟಿದ ಬಡಪಾಯಿ ಹೈಡ್ರೋಜನ್‌ಗಳನ್ನೇ ಸುತ್ತಲೂ ಜೋಡಿಸಿ ಕಟ್ಟಿದ ಪಂಜರ. ಅಷ್ಟಾದರೂ ನೀರಿನಲ್ಲಿ ಕರಗಿದ್ದ ಉಪ್ಪಿನ ಕ್ಲೋರೈಡನ್ನು, ನೀರಿನ ಜೊತೆ ಬೆರೆಯದ ದ್ರಾವಕದೊಳಕ್ಕೆ ಅದು ಎಳೆದು ತಂದಿತು. ಹಿಡಿತದ ಬಲದ ಅಂಕಿ ಬರೆಯಲು ಒಂದರ ಮುಂದೆ ಹದಿನೇಳು ಸೊನ್ನೆ ಬೇಕು. ಅದಕ್ಕೂ ಒಂಬತ್ತು ವರ್ಷ ಮೊದಲು ಇದೇ ತಂಡ ಮಾಡಿದ ಚಕ್ಕುಲಿ ಬೆಳಕು ಕಂಡರೆ ಕ್ಲೋರೈಡ್ ಬಿಡುತ್ತಿತ್ತು. ಈ ಪಂಜರದಲ್ಲಿ ಬೆಳಕಿಗೆ ಮಡಚುವ ಕೀಲನ್ನು ಅವರು ಇಟ್ಟಿರಲಿಲ್ಲ.